ಪಡುವಣ ಗೋಡೆಯ ಬೇಸಿಗೆ

ಕಲ್ಲಂಗಡಿ ಕೊಳ್ಳುವಾಗ ನಾನು ಚೂರಿ ಹಾಕಿಸುವುದಿಲ್ಲ. ಕೆಂಪಗಿದ್ದರೆ ನನ್ನ ಪುಣ್ಯ, ಬೆಳ್ಳಗಿದ್ದರೆ ನನ್ನ ಕರ್ಮ, ಇದ್ದ ಹಾಗೇ ಕೊಡಪ್ಪ ಎಂದು ಚೀಲಕ್ಕೆ ಹಾಕಿಸಿಕೊಳ್ಳುತ್ತೇನೆ. ಈ ಬೇಸಿಗೆಯಲ್ಲಿ ಮುಂಡರಗಿ ಬಸ್‌ಸ್ಟ್ಯಾಂಡಿನ ಎದುರು ಒಬ್ಬ ಹಣ್ಣಿನವ, ನಾನು ಬೇಡ ಅನ್ನುವಷ್ಟರಲ್ಲಿ, ಹಣ್ಣಿಗೆ ಮೂರು ಸಲ ಚೂರಿ ಇಳಿಸಿ ಮುಕ್ಕೋನದ ತುಂಡೊಂದನ್ನು ಎಬ್ಬಿಸಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದ. "ನೋಡ್ರಿ ಮೇಡಂ, ಕುಂಕುಮ ಇದ್ದಂಗ ಐತಿ!" ಆ ತಣ್ಣನೆಯ ವಾಸನೆ ಬಡಿಯಿತು. ತುಂಡಿನ ಕಡೆ ನಾನು ನೋಡಲಿಲ್ಲ. ಹಣ್ಣಿನಲ್ಲಿ ಉಳಿದ ಗುಂಡಿಯನ್ನೇ ನೋಡುತ್ತ ನಿಂತೆ. ಅಂಥದೇ ಒಂದು ಗುಂಡಿಯನ್ನು, ಮೂರು ಮಹಡಿಯಷ್ಟು ಎತ್ತರದ್ದನ್ನು, ಕಲ್ಲಿನ ಗೋಡೆಯೊಂದರಲ್ಲಿ ನೋಡಿದ್ದೇನೆ. ಅದರಿಂದ ಜಾರಿ ಬಂದ ಕಲ್ಲಿನ ಕೆಳಗೆ ಹನ್ನೆರಡು ಮಂದಿ ಇರಬೇಕಿತ್ತು. ಅವರನ್ನು ಅಲ್ಲಿ ನಿಲ್ಲಿಸಿದವಳು ನಾನೇ.

ಏಳು ವರ್ಷದ ಹಿಂದಿನ ಮಾತು. ನಾನಾಗ ಬೆಟಗೇರಿಯ ನಮ್ಮ ಮನೆಯಿಂದ ಓಡಾಡಿಕೊಂಡು ಪಿಎಚ್.ಡಿ. ಕೆಲಸ ಮಾಡುತ್ತಿದ್ದೆ. ವಿಷಯ ಭೂವಿಜ್ಞಾನ, ಬಂಡೆಗಳೊಳಗಿನ ಬಿರುಕುಗಳು ಯಾವ ದಿಕ್ಕಿಗೆ ಎಷ್ಟು ವಾಲಿವೆ ಎಂದು ಅಳೆದು, ಗೋಳದ ರೇಖಾಗಣಿತದಿಂದ ಅವು ಎಲ್ಲಿ ಕೂಡುತ್ತವೆ ಎಂದು ತೆಗೆಯುವುದು. ಅವ್ವನಿಗೆ ಇದನ್ನು ಎಷ್ಟು ಸಲ ಹೇಳಿದರೂ ಓಣಿಯವರ ಮುಂದೆ ಆಕೆ "ನಮ್ಮಾಕಿ ಕಲ್ಲ ಎಣಸ್ತಾಳ" ಎಂದೇ ಹೇಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆಗ ನನಗೆ ಎಲ್ಲದಕ್ಕೂ ಸಿಟ್ಟು ಬರುತ್ತಿತ್ತು, ಅದು ಬೇರೆ ಮಾತು.

ಅಳೆಯಲು ನನಗೆ ಸಿಕ್ಕ ಜಾಗ ಶಿರಹಟ್ಟಿಯ ಆಚೆ, ಕಪ್ಪತಗುಡ್ಡದ ಗಾಳಿಯಂತ್ರಗಳು ದೂರಕ್ಕೆ ಕಾಣುವ ಬಯಲಿನಲ್ಲಿ ಒಂದು ಕಲ್ಲಿನ ಖಣಿ. ಊರಿನ ಹೆಸರು ಹೇಳುವುದಿಲ್ಲ, ಆ ಮಂದಿ ಇನ್ನೂ ಅಲ್ಲೇ ಇದ್ದಾರೆ. ಖಣಿಯ ಮಾಲೀಕರು ಲಕ್ಷ್ಮೇಶ್ವರದ ವ್ಯಾಪಾರಸ್ಥರು. ಎಲ್ಲರೂ ಸಾಹುಕಾರರು ಅಂತಲೇ ಕರೆಯುತ್ತಿದ್ದರು. ಅಪ್ಪಣೆ ಕೇಳಲು ಹೋದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದರು: "ಅಳತಿ ಮಾಡ್ಕೋರಿ, ನಂದೇನ್ ಹೋಗತೈತಿ. ಆದ್ರ ಮಳಿಗಾಲದ ಮೊದಲ ನನಗ ಒಂದ ಮಾತ ಹೇಳ್ಬೇಕ್ ನೋಡ್ರಿ. ಪಡುವಲ ಗ್ವಾಡಿ ಕೆಳಗ ಮಂದಿ ಹಚ್ಚಬೇಕೋ, ಬ್ಯಾಡೋ?"

ಅಲ್ಲಿಯವರೆಗೆ ಅವರು ಕಲ್ಲು ತೆಗೆದು ಆದ ಕುಣಿಯ ಮೂಡಣ ಗೋಡೆಯನ್ನೇ ಕಡಿಯುತ್ತಿದ್ದರು. ಅದು ಹಿಂದೆ ಸರಿದು ಸರಿದು ಪಕ್ಕದವರ ಹೊಲದ ಬದುವಿಗೆ ಬಂದು ನಿಂತಿತ್ತು. ಇನ್ನು ಕಡಿಯಬೇಕೆಂದರೆ ಎದುರಿನ ಪಡುವಣ ಗೋಡೆಯೇ. ಮೂರು ಮಹಡಿ ಎತ್ತರ, ಮೈತುಂಬ ಬಿರುಕು, ಬಿರುಕಿನ ತುಂಬ ಕೆಮ್ಮಣ್ಣು.

ಖಣಿಯ ಮೇಸ್ತ್ರಿ ಫಕೀರಪ್ಪಣ್ಣ. ಐವತ್ತೈದರ ಆಸುಪಾಸು, ನಾಲ್ಕನೆಯ ಇಯತ್ತೆ ಓದಿದವ, ಕೊರಳಲ್ಲಿ ಕೆಂಪು ದಾರಕ್ಕೆ ಕಟ್ಟಿದ ಒಂದು ಸೀಟಿ. ಅವನು ಒಂದು ಸಲ ಊದಿದರೆ ಸುತ್ತಿಗೆ ನಿಲ್ಲಬೇಕು, ಎರಡು ಸಲ ಊದಿದರೆ ಮಂದಿ ಕುಣಿ ಬಿಟ್ಟು ಮೇಲೆ ಬರಬೇಕು. ಇಪ್ಪತ್ತು ವರ್ಷದಿಂದ ಆ ಸೀಟಿ ಅವನ ಕೊರಳಲ್ಲೇ ಇತ್ತು. ಹೆಂಡತಿ ನೀಲವ್ವನೂ ಅಲ್ಲೇ ಕಲ್ಲು ಹೊರುವವಳು. ಅವಳು ಸೀಟಿಯನ್ನು "ನನ್ನ ಸವತಿ" ಎಂದು ಕರೆಯುತ್ತಿದ್ದಳು.

ಮೊದಲ ವಾರವೇ ಫಕೀರಪ್ಪಣ್ಣ ಕೇಳಿದ, "ಅಕ್ಕಾರ, ಬಿರುಕು ಇರೂದು ಕಲ್ಲಾಗ. ನೀವು ಹಾಳ್ಯಾಗ ದುಂಡ ಗೆರಿ ಯಾಕ ಎಳೀತೀರಿ?"

ಊಟದ ಹೊತ್ತು. ತುಂಗಭದ್ರೆಯ ದಂಡೆಯಿಂದ ಯಾರೋ ತಂದಿದ್ದ ಕಲ್ಲಂಗಡಿ ಅವನ ಮುಂದೆಯೇ ಇತ್ತು. ಅದನ್ನು ಅಡ್ಡಕ್ಕೆ ಎರಡು ಹೋಳು ಮಾಡಿಸಿ, ಒಂದನ್ನು ಬಟ್ಟಲಿನ ಹಾಗೆ ಅಂಗಾತ ಇಟ್ಟೆ. ಚೂರಿಯನ್ನು ಓರೆಯಾಗಿ ನಡುಮಧ್ಯಕ್ಕೆ ಹಾಯುವಂತೆ ಇಳಿಸಿದೆ. "ಇದು ಒಂದು ಬಿರುಕು. ನಡುವಿನಿಂದ ಹಾಯ್ದ ಬಿರುಕು ಸಿಪ್ಪೆಯ ಮೇಲೆ ಒಂದು ದೊಡ್ಡ ಬಳೆಯ ಹಾಗೆ ಗೆರೆ ಎಳೆಯುತ್ತದೆ. ಅದಕ್ಕೆ ಮಹಾವೃತ್ತ ಅಂತ ಹೆಸರು." ಇನ್ನೊಂದು ಕಡೆಯಿಂದ ಇನ್ನೊಮ್ಮೆ ಇಳಿಸಿದೆ. "ಇದು ಎರಡನೆಯ ಬಿರುಕು. ಹಾಳೆಯ ಮೇಲೆ ಎರಡು ಗೆರೆ ಎಂದೂ ಕೂಡದೆ ಹೋಗಬಹುದು. ಗೋಳದ ಮೇಲೆ ಹಾಗಿಲ್ಲ, ಯಾವ ಎರಡು ಮಹಾವೃತ್ತ ಎಳೆದರೂ ಕೂಡಲೇಬೇಕು. ಇವೆರಡು ಕೂಡುವ ಈ ಚುಕ್ಕೆ ಯಾವ ಕಡೆ ಇದೆಯೋ, ನಡುವಿನ ಕಲ್ಲು ಆ ಕಡೆ ಜಾರುತ್ತದೆ. ಗೋಡೆಯ ಒಳಗಡೆ ಇದ್ದರೆ ಚಿಂತೆಯಿಲ್ಲ. ನಾವು ನಿಂತ ಕಡೆ ಇದ್ದರೆ ಕೆಳಗಿದ್ದವರು ಹೋದರು."

ಫಕೀರಪ್ಪಣ್ಣ ತುಂಡನ್ನು ಬೆರಳಿನಿಂದ ಮೀಟಿದ. ಅದು ಸಲೀಸಾಗಿ ಜಾರಿ ನೀಲವ್ವನ ಮಡಿಲಿಗೆ ಬಿತ್ತು.

"ಇಷ್ಟ ಹೇಳಾಕ ಇಷ್ಟ ವರ್ಷ ಓದೀರೇನವಾ!" ಎಂದು ಅವಳು ಅದನ್ನು ಬಾಯಿಗೆ ಹಾಕಿಕೊಂಡಳು. ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ. ನಕ್ಷತ್ರದ ಲೆಕ್ಕದವರು ತಲೆಯ ಮೇಲಿನ ಅರ್ಧಗೋಳ ನೋಡುತ್ತಾರೆ, ನಾವು ಕಾಲ ಕೆಳಗಿನ ಅರ್ಧಗೋಳ ನೋಡುತ್ತೇವೆ, ಗಣಿತ ಎರಡಕ್ಕೂ ಒಂದೇ ಎಂದು ಭಾಷಣ ಶುರುಮಾಡಿದೆ. ಕೇಳಿದವನು ಫಕೀರಪ್ಪಣ್ಣ ಒಬ್ಬನೇ. ಅಂದಿನಿಂದ ಅವನು ನನ್ನ ಶಿಷ್ಯನಾದ.

ಬಿರುಕಿನ ಓರೆ ಅಳೆಯಲು ನಮ್ಮ ಬಳಿ ಒಂದು ವಿಶೇಷ ದಿಕ್ಸೂಚಿ ಇರುತ್ತದೆ. ನೀರು ಸುರಿದರೆ ಯಾವ ಕಡೆ ಹರಿಯುತ್ತದೋ ಆ ಕಡೆ ಅದನ್ನು ತಿರುಗಿಸಿ ಹಿಡಿದು, ಮುಳ್ಳಿನ ತುದಿಗಿರುವ ಅಕ್ಷರ ಮತ್ತು ಅಂಕಿ ಬರೆದುಕೊಳ್ಳುವುದು. ಫಕೀರಪ್ಪಣ್ಣನಿಗೆ ಇಂಗ್ಲಿಷ್ ಅಕ್ಷರ ಒಗ್ಗದೆಂದು ಅವುಗಳ ಮೇಲೆ ಉ, ದ, ಪೂ, ಪ ಎಂದು ಬರೆದ ಸಣ್ಣ ಚೀಟಿಗಳನ್ನು ಅಂಟಿಸಿಕೊಟ್ಟೆ. ಈ ಯಂತ್ರದಲ್ಲಿ ಪೂರ್ವ ಪಶ್ಚಿಮಗಳನ್ನು ಬೇಕೆಂದೇ ಅದಲುಬದಲು ಮಾಡಿರುತ್ತಾರೆ. ಮುಳ್ಳು ಉತ್ತರಕ್ಕೇ ನಿಂತು ಡಬ್ಬಿ ಮಾತ್ರ ತಿರುಗುವುದರಿಂದ, ಹಾಗೆ ಬದಲಿಸಿದರೇ ಮುಳ್ಳಿನ ತುದಿಯಲ್ಲಿ ಸರಿಯಾದ ದಿಕ್ಕು ಬರುತ್ತದೆ. ನಮಗೆ ಇದನ್ನು ಮೊದಲ ವರ್ಷವೇ ಹೇಳಿಕೊಡುತ್ತಾರೆ. ನಾನು ಫಕೀರಪ್ಪಣ್ಣನಿಗೆ ಹೇಳಿಕೊಡಲಿಲ್ಲ. ಮುಳ್ಳಿನ ತುದಿಗೆ ಏನಿದೆಯೋ ಅದನ್ನು ಬರೆದುಕೊಂಡರೆ ಸಾಕು ಅಂದೆ. ಯಾಕೆ ಹಾಗೆ ಎಂದು ಹೇಳುವ ತಾಳ್ಮೆ ನನಗಿರಲಿಲ್ಲ, ಇಷ್ಟೇ.

ಮೂಡಣ ಗೋಡೆಯನ್ನು ನಾನೇ ಅಳೆದೆ. ಪಡುವಣ ಗೋಡೆಗೆ ಬರುವಷ್ಟರಲ್ಲಿ ಏಪ್ರಿಲ್ ಬಿಸಿಲು ಹೊಡೆದು ಮಲಗಿಬಿಟ್ಟೆ. ಐದು ದಿನ ಏಳಲಿಲ್ಲ. ಆರನೆಯ ದಿನ ಹೋದರೆ ಫಕೀರಪ್ಪಣ್ಣ ಒಂದು ಹೊಸ ನೋಟುಬುಕ್ಕು ಕೈಗಿಟ್ಟ. ಅರವತ್ತೆರಡು ಬಿರುಕುಗಳ ಅಳತೆ, ಗುಂಡಗೆ, ಒಂದು ಚಿತ್ತು ಇಲ್ಲ.

"ಹಗಲಿ ಬೀಡಿ ಕಟ್ಟಿನ ಹಾಳಿಮ್ಯಾಲ ಬರಕೊಂಡ್ನಿರಿ. ಸಂಜೀಕ ಕಟ್ಟಿಮ್ಯಾಲ ಕುಂತು ಚಂದಂಗಿ ಇಳಿಸಿದೆ. ನಿಮ್ಮ ಪುಸ್ತಕಕ್ಕ ಹೊಲಸ ಅಕ್ಷರ ಹೋಗಬಾರ್ದಲ್ಲ?"

ಹತ್ತನ್ನಾದರೂ ಮತ್ತೆ ಅಳೆದು ನೋಡಬೇಕಿತ್ತು. ಮುಂದಿನ ವಾರ ವಿಶ್ವವಿದ್ಯಾಲಯದಲ್ಲಿ ನನ್ನ ಕೆಲಸದ ವರದಿ ಒಪ್ಪಿಸಬೇಕಾಗಿತ್ತು. ನೋಡಲಿಲ್ಲ.

ಅಂಕಿಗಳನ್ನು ಗೋಳದ ಚಿತ್ರಕ್ಕೆ ಏರಿಸಿದಾಗ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮೂಡಣ ಗೋಡೆಯ ಬಿರುಕುಗಳು ಪೂರ್ವದ ಕಡೆ ಕೂಡುತ್ತಿದ್ದವು. ಪಡುವಣ ಗೋಡೆಯವು ಪಶ್ಚಿಮದ ಕಡೆ. ಅಂದರೆ ಎರಡು ಗೋಡೆಗಳಲ್ಲೂ ಕಲ್ಲು ಕುಣಿಯ ಕಡೆಗಲ್ಲ, ಗೋಡೆಯ ಒಳಕ್ಕೇ ವಾಲಿದೆ, ಕುಣಿಯ ನಡುವೆ ಇಡೀ ನೆಲವೇ ಮಡಿಚಿಕೊಂಡಿದೆ! ಇಂಥದೊಂದು ಮಡಿಕೆ ಇಲ್ಲಿದೆಯೆಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ನನ್ನ ಪ್ರಬಂಧದ ಗೈಡ್ ಫೋನಿನಲ್ಲಿ "ಭಾರಿ ಆತಲ್ಲ, ಅಧ್ಯಾಯ ಬರೀರಿ" ಅಂದರು. ನಾನು ಅಧ್ಯಾಯ ಬರೆದೆ. ಸಾಹುಕಾರರಿಗೂ ಒಂದು ಹಾಳೆ ಬರೆದುಕೊಟ್ಟೆ: ಪಡುವಣ ಗೋಡೆ ಗಟ್ಟಿ ಇದೆ, ಕೆಲಸ ಮಾಡಬಹುದು. ಕೆಳಗೆ ಸಹಿ.

ಫಕೀರಪ್ಪಣ್ಣ ಗೋಡೆಗೆ ಹಾರೆ ಬಡಿದು ಕಿವಿಗೊಟ್ಟು ಕೇಳಿದ. "ಅಕ್ಕಾರ, ಲೆಕ್ಕ ಇರಲಿ. ನನಗ ಯಾಕೋ ಈ ಗ್ವಾಡಿ ಮನಸಿಗೆ ಬರವಲ್ದು."

"ಇದು ಮನಸ್ಸಿನ ಮಾತಲ್ಲ, ಲೆಕ್ಕದ ಮಾತು. ಅಳತೆ ನೀನೇ ಮಾಡಿದ್ದಲ್ಲ?" ಎಂದು ರೇಗಿದೆ.

"ಆತ್ ಬಿಡ್ರಿ, ಲೆಕ್ಕ ಅಂದ್ರ ಲೆಕ್ಕ" ಅಂದ. ಮರುದಿನದಿಂದಲೇ ಹನ್ನೆರಡು ಮಂದಿಯನ್ನು ಪಡುವಣ ಗೋಡೆಯ ಕೆಳಗೆ ಹಚ್ಚಿದರು. ಅವರಲ್ಲಿ ನೀಲವ್ವನೂ ಒಬ್ಬಳು.

ಮೂರು ದಿನ ಕಳೆದಿತ್ತು. ಬೆಳಿಗ್ಗೆ ಎಂಟು ಗಂಟೆ. ಬೆಟಗೇರಿಯ ಮನೆಯಲ್ಲಿ, ಪಕ್ಕದ ಮನೆಯ ಮಗ್ಗದ ಸಪ್ಪಳದ ನಡುವೆ, ಅಧ್ಯಾಯಕ್ಕೆ ಹಾಕುವ ಚಿತ್ರ ತಿದ್ದುತ್ತ ಕೂತಿದ್ದೆ. ಮೂಡಣ ಗೋಡೆಯ ಚಿತ್ರ ಕೆಳಗೆ, ಪಡುವಣ ಗೋಡೆಯದು ಕೆಳಗಿನದು ಕಾಣುವಂಥ ತೆಳು ಹಾಳೆಯಲ್ಲಿ, ಅದರ ಮೇಲೆ. ಫ್ಯಾನಿನ ಗಾಳಿಗೆ ತೆಳು ಹಾಳೆ ಹಾರಿ ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಇಟ್ಟೆ. ಉತ್ತರಕ್ಕೆ ಉತ್ತರ ಕೂಡಿಸಿದೆ. ನೋಡುತ್ತೇನೆ, ಎಲ್ಲ ಚುಕ್ಕೆಗಳೂ ಒಂದರ ಮೇಲೊಂದು ಬಂದು ಕೂತಿವೆ.

ಹಾಳೆಯನ್ನು ನಾನು ಮಗುಚಿ ಇಟ್ಟಿದ್ದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ನಿಸರ್ಗ ಇಷ್ಟು ಕರಾರುವಾಕ್ಕಾಗಿ ಏನನ್ನೂ ಮಡಿಚುವುದಿಲ್ಲ. ಮಡಿಕೆ ನೆಲದಲ್ಲಿರಲಿಲ್ಲ, ನೋಟುಬುಕ್ಕಿನಲ್ಲಿತ್ತು. ಪಡುವಣ ಗೋಡೆಯ ಅಳತೆಗಳಲ್ಲಿ ಪೂರ್ವವೆಲ್ಲ ಪಶ್ಚಿಮವಾಗಿತ್ತು. ಕನ್ನಡಿಯಲ್ಲಿ ಹಿಡಿದರೂ ಗೋಳದ ಲೆಕ್ಕ ಅಷ್ಟೇ ಚೆನ್ನಾಗಿ ಕೂಡುತ್ತದೆ, ಅದಕ್ಕೇ ನನಗೆ ತಿಳಿದಿರಲಿಲ್ಲ. ಸರಿಮಾಡಿ ನೋಡಿದರೆ ಎರಡು ಬಿರುಕುಗಳು ಕೂಡುವ ಚುಕ್ಕೆ ಪೂರ್ವಕ್ಕಿತ್ತು. ಪಡುವಣ ಗೋಡೆಯ ಪೂರ್ವಕ್ಕೆ ಏನಿದೆ? ಕುಣಿ ಇದೆ. ಕುಣಿಯಲ್ಲಿ ಹನ್ನೆರಡು ಮಂದಿ ಇದ್ದಾರೆ.

ಸಾಹುಕಾರರ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಫಕೀರಪ್ಪಣ್ಣನ ಫೋನು ಊಟದ ಚೀಲದಲ್ಲಿ ಗಿಡದ ಟೊಂಗೆಗೆ ತೂಗಾಡುತ್ತಿರುತ್ತದೆ. ಕುಣಿಯಲ್ಲಿ ಸಿಗ್ನಲ್ಲೂ ಇಲ್ಲ. "ರೊಟ್ಟಿ ತಿಂದ ಹೋಗ ನಮ್ಮವ್ವಾ" ಎಂದು ಅವ್ವ ಬಾಗಿಲಿಗೆ ಬರುವಷ್ಟರಲ್ಲಿ ಓಣಿ ದಾಟಿದ್ದೆ. ಬಸ್ಸು ಎಲ್ಲ ಊರಲ್ಲೂ ನಿಂತಿತು. ಮುಳಗುಂದದಲ್ಲಿ ಒಬ್ಬಳು ಮುದುಕಿ ಹತ್ತುವ ಮೊದಲು ತನ್ನ ಮೂರು ಗಂಟು ಒಂದೊಂದಾಗಿ ಎತ್ತಿ ಕೊಟ್ಟಳು. ನಾನು ಕಂಡಕ್ಟರನ ಮೇಲೆ ಹರಿಹಾಯ್ದೆ. "ನಿಮಗಷ್ಟ ಅವಸರ ಐತೇನ್ರಿ? ಇಳದ ಓಡ್ರಿ ಹಂಗಾರ" ಅಂದ ಅವನು. ಶಿರಹಟ್ಟಿಯಲ್ಲಿ ಇಳಿದು ಒಂದು ಟಂಟಂ ಆಟೋ ಹಿಡಿದೆ. ದಾರಿಯುದ್ದಕ್ಕೂ ಕಿವಿ ಹಚ್ಚಿಯೇ ಇದ್ದೆ, ದೂರದಿಂದ ಏನಾದರೂ ಸಪ್ಪಳ ಕೇಳಿಸೀತೇ ಎಂದು. ಟಂಟಂ ಸದ್ದಿನಲ್ಲಿ ಏನು ಕೇಳಿಸಬೇಕು.

ಗೋಡೆ ನಿಂತಿತ್ತು. ಅದರ ಬುಡಕ್ಕೆ ಹೊಂದಿಕೊಂಡೇ ಮಂದಿ ಕೆಲಸ ಮಾಡುತ್ತಿದ್ದರು. ಕಂಪ್ರೆಸರ್ ಯಂತ್ರದ ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಬಿದ್ದು ಎದ್ದು ಕುಣಿಗಿಳಿದು ಫಕೀರಪ್ಪಣ್ಣನ ತೋಳು ಹಿಡಿದು ಎಳೆದೆ.

"ನೋಟುಬುಕ್ಕಿನಲ್ಲಿ ಪೂರ್ವ ಪಶ್ಚಿಮ ಏನು ಮಾಡಿದೆ? ಏನು ಮಾಡಿದೆ ಹೇಳು!"

ಅವನ ಮುಖ ಸಣ್ಣದಾಯಿತು. ಸುತ್ತಲಿನವರಿಗೆ ಕೇಳಿಸಬಾರದೆಂದು ನನ್ನ ಕಿವಿಯ ಹತ್ತಿರ ಬಂದ. "ಅಕ್ಕಾರ, ಚೀಟಿ ನೀವು ಉಲ್ಟಾ ಹಚ್ಚಿದ್ರಿ. ಸಂಜೀಕ ಕಟ್ಟಿಮ್ಯಾಲ ಇಟ್ಟು ನೋಡಿದ್ರ, ಹೊತ್ತ ಮುಳಗೂ ಕಡೆ 'ಪೂ' ಅಂತ ಇತ್ತು. ನಿಮಗ ಹೇಳಿದ್ರ ನಾಚಿಕಿ ಆಕ್ಕೈತಿ ಅಂತ, ಇಳಸೂವಾಗ ನಾನ ಸರಿ ಮಾಡಿ ಬರದ್ನಿ."

ಪಿಎಚ್.ಡಿ. ಮಾಡುವ ಹುಡುಗಿಗೆ ಮೂಡಲ ಪಡುವಲ ತಿಳಿಯಲಿಲ್ಲ ಎಂದು ನಾಲ್ಕು ಜನ ನಗಬಾರದು ಎಂದು ಅವನು ಸುಮ್ಮನಿದ್ದ. ನಾನು ಬಾಯಿ ತೆರೆದು "ಅದು ಉಲ್ಟಾ ಇದ್ದರೇ ಸರಿ" ಎಂದಷ್ಟೇ ಹೇಳಿದೆ. ಅವನು ನಾನು ತಂದಿದ್ದ ಹಾಳೆ ನೋಡಲಿಲ್ಲ. ತಲೆ ಎತ್ತಿ ಗೋಡೆ ನೋಡಿದ. ಎರಡು ಬಿರುಕುಗಳನ್ನು ಕಣ್ಣಿನಿಂದಲೇ ಒಳಗಿನವರೆಗೆ ಹಿಂಬಾಲಿಸಿದ. ಆಮೇಲೆ ಸೀಟಿ ಬಾಯಿಗಿಟ್ಟು ಎರಡು ಸಲ ಊದಿದ.

ಮಂದಿ ಮೇಲೆ ಬಂದರು. ಅರ್ಧ ತಾಸಿನಲ್ಲಿ ಸಾಹುಕಾರರೂ ಬಂದರು. ಗೋಡೆಯಿಂದ ಒಂದು ಹರಳು ಸಹ ಉದುರಿರಲಿಲ್ಲ.

"ಮೊನ್ನೆ ಗಟ್ಟಿ ಐತಿ ಅಂತ ಸಹಿ ಮಾಡಿ ಕೊಟ್ರಿ. ಇವತ್ತ ಬೀಳತೈತಿ ಅಂತೀರಿ. ನಾಳೆ ಏನಂತೀರಿ?" ಎಂದು ಸಾಹುಕಾರರು ಕಿಸೆಯಿಂದ ನನ್ನ ಹಾಳೆ ತೆಗೆದರು. "ಏನ್ ಹುಡುಗಾಟಕಿ ಹಚ್ಚೀರೇನ್ರಿ? ತಪ್ಪು ಯಾರದು ಅದನ್ನ ಹೇಳ್ರಿ ಮೊದಲ."

ನನ್ನದು ಎಂದು ಹೇಳಬೇಕಿತ್ತು. ಯಂತ್ರ ಕೊಟ್ಟವಳು ನಾನು, ಹೇಳಿಕೊಡದವಳು ನಾನು, ತಿರುಗಿ ನೋಡದೆ ಸಹಿ ಹಾಕಿದವಳು ನಾನು. ಆದರೆ ಈ ಮಾತು ವಿಶ್ವವಿದ್ಯಾಲಯದವರೆಗೆ ಹೋದರೆ ಏನು ಗತಿ, ಮೂರು ವರ್ಷದ ಕೆಲಸ ಏನಾಗುತ್ತದೆ ಎಂಬ ಲೆಕ್ಕವೇ ತಲೆಯಲ್ಲಿ ಓಡುತ್ತಿತ್ತು. ಫಕೀರಪ್ಪಣ್ಣ ನನ್ನ ಕಡೆ ನೋಡಿದ. ಎಷ್ಟು ಹೊತ್ತೋ, ಒಂದು ಉಸಿರಿನಷ್ಟು.

"ತಪ್ಪು ನಂದ್ರಿ, ಧಣ್ಯಾರ" ಅಂದ. "ಅಕ್ಕಾರ ಲೆಕ್ಕ ಗಟ್ಟಿ ಐತಿ. ಅವರಿಗೆ ಕೊಟ್ಟ ಅಂಕಿನ ನಾ ಕೆಡಿಸಿ ಕೊಟ್ಟೀನಿ."

"ಹೌದೇನ್ರಿ?" ಸಾಹುಕಾರರು ನನ್ನ ಕಡೆ ತಿರುಗಿದರು.

ನಾನು ತಲೆ ಆಡಿಸಿದೆ, ಹೌದೆಂದು.

ಸಾಹುಕಾರರು ಕೈ ಚಾಚಿದರು. ಫಕೀರಪ್ಪಣ್ಣ ಕೊರಳಿನ ದಾರ ತೆಗೆದು ಸೀಟಿಯನ್ನು ಅವರ ಅಂಗೈಯಲ್ಲಿಟ್ಟ. ಅದು ಅಲ್ಲೇ ನಿಂತಿದ್ದ ಇನ್ನೊಬ್ಬನ ಕೊರಳಿಗೆ ಹೋಯಿತು. ಫಕೀರಪ್ಪಣ್ಣನನ್ನು ಟ್ರ್ಯಾಕ್ಟರಿಗೆ ಕಲ್ಲು ತುಂಬುವ ಕೆಲಸಕ್ಕೆ ಹಚ್ಚಿದರು. "ಕಾರಹುಣ್ಣಿಮಿತನಕ ಈ ಗ್ವಾಡಿ ತಂಟೆಕ ಹೋಗೂದು ಬ್ಯಾಡ. ಅಷ್ಟರಾಗ ಬೀಳಲಿಲ್ಲ ಅಂದ್ರ ಕೆಲಸ ಚಾಲೂ. ಆಮ್ಯಾಲ ಯಾರ ಮಾತೂ ಕೇಳಾಂವಲ್ಲ ನಾ" ಎಂದು ಸಾಹುಕಾರರು ಹೋದರು. ಮುಂಗಾರಿನ ಹಬ್ಬ ಕಾರಹುಣ್ಣಿಮೆಗೆ ಇಪ್ಪತ್ತಮೂರು ದಿನವಿತ್ತು.

ಆ ಇಪ್ಪತ್ತಮೂರು ದಿನ ನಾನು ಹೇಗೆ ಬದುಕಿದೆನೋ ನನಗೇ ಗೊತ್ತು. ಗೋಡೆ ಬೀಳಲಿ ಎಂದು ಬೇಡಿಕೊಳ್ಳುವ ಹಾಗಾಯಿತಲ್ಲ ನನ್ನ ಬಾಳು! ಬೀಳದಿದ್ದರೆ ಮಂದಿ ಮತ್ತೆ ಅದರ ಕೆಳಗೆ ಹೋಗುತ್ತಾರೆ. ಗೋಡೆಯ ನೆತ್ತಿಯ ಮೇಲೆ ಹಿಂಬದಿಗೆ ಕೂದಲೆಳೆಯಷ್ಟು ಒಂದು ಸೀಳು ಇತ್ತು. ಅದಕ್ಕೆ ಅಡ್ಡಲಾಗಿ ಮೂರು ಗಾಜಿನ ಪಟ್ಟಿಗಳನ್ನು ಸಿಮೆಂಟಿನಲ್ಲಿ ಕೂರಿಸಿದೆ. ಕಲ್ಲು ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯಬೇಕು. ದಿನಾ ಹೋಗಿ ನೋಡುತ್ತಿದ್ದೆ. ದಿನಾ ಮೂರೂ ಗಾಜು ನೆಟ್ಟಗಿರುತ್ತಿದ್ದವು, ಬಿಸಿಲಿಗೆ ಮಿಂಚುತ್ತಿದ್ದವು.

ಮಂದಿ ಮೊದಲು ಹೆದರಿದರು, ಆಮೇಲೆ ಬೇಸತ್ತರು, ಆಮೇಲೆ ನಗಾಡಿದರು. "ಅಕ್ಕಾರ, ನಿಮ್ಮ ಕಲ್ಲಂಗಡಿ ಇನ್ನೂ ಹಣ್ಣಾಗಿಲ್ಲೇನ್ರಿ?" ಎಂದು ಒಬ್ಬ ಕೇಳಿದ. ನಾನು ತಿರುಗಿ ಬೈಯಲಿಲ್ಲ. ಬೈಯುವ ಬಾಯಿ ಅಂದೇ ಹೋಗಿತ್ತು. ನೀಲವ್ವ ನನ್ನ ಜೊತೆ ಮಾತು ಬಿಟ್ಟಿದ್ದಳು. ಒಂದು ದಿನ ನೀರಿನ ಕೊಡದ ಹತ್ತಿರ ಎದುರಾದಾಗ ತಡೆಯಲಾರದೆ ಅಂದಳು: "ಸೀಟಿ ನನ್ನ ಸವತಿ ಅಂತಿದ್ದೆ. ಈಗ ನೋಡವಾ, ಅದು ಹೋತು, ಗಂಡಾನೂ ಮನ್ಯಾಗ ಮಾತಾಡವಲ್ಲ. ಗ್ವಾಡಿ ಏನ್ ಬೀಳವಲ್ದು ನಿಮ್ದು." ನಾನು ಕೊಡ ತುಂಬಿಕೊಳ್ಳದೆ ಹಾಗೇ ವಾಪಸು ಬಂದೆ.

ಫಕೀರಪ್ಪಣ್ಣ ಮಾತ್ರ ದಿನಾ ಬೆಳಿಗ್ಗೆ ಟ್ರ್ಯಾಕ್ಟರ್ ಬರುವ ಮುಂಚೆ ನನ್ನೊಡನೆ ಗೋಡೆಯ ನೆತ್ತಿಗೆ ಹತ್ತುತ್ತಿದ್ದ. ನಾನಿಲ್ಲದ ದಿನ ಒಬ್ಬನೇ ಹತ್ತುತ್ತಿದ್ದ. ಆ ವಿಷಯ ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಒಂದೇ ಒಂದು ಸಲ ದಿಕ್ಸೂಚಿಯನ್ನು ಕೇಳಿ ಇಸಿದುಕೊಂಡು, ಅದನ್ನು ಹಿಡಿದು ತಾನೇ ನಿಂತಲ್ಲಿ ಒಂದು ಸುತ್ತು ತಿರುಗಿದ. "ಮುಳ್ಳು ತಿರುಗೂದಿಲ್ಲ. ನಾವ ತಿರಗತೀವಿ" ಅಂದ. ನಾನು ಹೇಳಿಕೊಡದೆ ಬಿಟ್ಟದ್ದನ್ನು ಅವನೇ ಕಲಿತುಕೊಂಡ.

ಕಾರಹುಣ್ಣಿಮೆ ಕಳೆಯಿತು. ಗೋಡೆ ನಿಂತೇ ಇತ್ತು. ಮರುದಿನ ಸಂಜೆ ಮಳೆ ಬಂತು, ಆ ವರ್ಷದ ಮೊದಲ ದೊಡ್ಡ ಮಳೆ. ಅದರ ಮರುದಿನವೇ ಕೆಲಸ ಚಾಲೂ ಎಂದು ಸಾಹುಕಾರರು ಖಬರು ಕಳಿಸಿದ್ದರು.

ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಫಕೀರಪ್ಪಣ್ಣ ನನಗಿಂತ ಮೊದಲೇ ಹತ್ತಿ ಇಳಿದು ಬಂದಿದ್ದ. ಅಂಗೈಯಲ್ಲಿ ಗಾಜಿನ ಚೂರುಗಳಿದ್ದವು.

"ಮೂರೂ ಒಡದಾವ್ರಿ."

ಕುಣಿಯ ಬಾಯಲ್ಲಿ ಮಂದಿ ಸೇರಿದ್ದರು. ಹೊಸ ಮೇಸ್ತ್ರಿ ಸೀ‌ಟಿ ಬೆರಳಿಗೆ ಸುತ್ತುತ್ತ ನಿಂತಿದ್ದ. ಸಾಹುಕಾರರ ಜೀಪೂ ಬಂದಿತ್ತು. ನಾನು ಗಾಜು ತೋರಿಸಿ, ಮಳೆನೀರು ಸೀಳಿಗೆ ಇಳಿದಿದೆ, ಇವತ್ತೊಂದು ದಿನ ಬೇಡ ಎಂದು ಕೈಮುಗಿದೆ. "ಗಾಜು ನಿನ್ನೆ ಆಣೀಕಲ್ಲ ಮಳಿಗೆ ಒಡದಿರತಾವು. ಇಳೀರಲೇ!" ಅಂದರು ಸಾಹುಕಾರರು.

ಕುಣಿಗೆ ಇಳಿಯುವುದು ಒಂದೇ ದಾರಿ, ಬಂಡಿ ಹೋಗುವಷ್ಟು ಅಗಲ. ಫಕೀರಪ್ಪಣ್ಣ ಹೋಗಿ ಅದರ ನಡುವೆ ಕೂತುಬಿಟ್ಟ, ಚಕ್ಕಳಮಕ್ಕಳ ಹಾಕಿ. ಹೆಗಲಿನ ವಲ್ಲಿ ತೆಗೆದು ಮುಂದೆ ಹಾಸಿದ, ಮನೆಯ ಕಟ್ಟೆಯ ಮೇಲೆ ಕೂತ ಹಾಗೆ.

"ಏಳಲೇ ಫಕೀರ್ಯಾ! ತಲಿ ಕೆಟ್ಟೈತೇನು?"

"ಕೆಟ್ಟೈತ್ರಿ. ದಾಟಿ ಹೋಗಾವ್ರು ನನ್ನ ತುಳದ ಹೋಗ್ಲಿ."

ಯಾರೂ ಅಲುಗಲಿಲ್ಲ. ಆಗ ನೀಲವ್ವ ತಲೆಯ ಮೇಲಿನ ಸಿಂಬಿಯನ್ನು ನೆಲಕ್ಕೆ ಬಿಸಾಕಿ, ಗಂಡನ ಪಕ್ಕ ಹೋಗಿ ಕೂತಳು. ಅವನ ಮುಖ ನೋಡಲಿಲ್ಲ. ಅವಳ ಹಿಂದೆ ಇನ್ನಿಬ್ಬರು ಹೆಂಗಸರು. ಆಮೇಲೆ ನಾನು. ಸಾಹುಕಾರರು ಬೈದರು, ಪೊಲೀಸರನ್ನು ಕರೆಸುತ್ತೇನೆ ಅಂದರು, ಎಲ್ಲರ ಕೆಲಸ ಹೋಯಿತು ಅಂದರು. ಬಿಸಿಲು ಏರಿತು. ಗೋಡೆಯ ಬಿರುಕುಗಳಿಂದ ಕೆಂಪು ನೀರು ಸಣ್ಣಗೆ ಇಳಿಯುತ್ತಿತ್ತು. ಇವತ್ತೂ ಬೀಳದಿದ್ದರೆ ನಾಳೆ ಇವರನ್ನು ತಡೆಯುವುದು ಯಾವ ದೇವರಿಗೂ ಆಗದು ಎಂದು ನನಗೆ ಗೊತ್ತಿತ್ತು. ಹತ್ತು ಗಂಟೆ ಆಗಿರಬೇಕು. ಹೊಸ ಮೇಸ್ತ್ರಿ ಬದಿಯಿಂದ ಹಾದುಹೋಗಲು ಒಂದು ಕಾಲು ಎತ್ತಿದ.

ಸಪ್ಪಳ ಮೊದಲು ಬರಲಿಲ್ಲ. ಮೊದಲು ಗೋಡೆಯ ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಆಮೇಲೆ ಗೋಡೆಯ ನಡುವಿನಿಂದ ಒಂದು ತುಂಡು, ಯಾರೋ ಬೆರಳಿನಿಂದ ಮೀಟಿದ ಹಾಗೆ, ಇಡಿಯಾಗಿ, ಅವಸರವಿಲ್ಲದೆ ನಮ್ಮ ಕಡೆ ಜಾರಿತು. ಕೂತ ನೆಲ ಎಗರಿತು. ಧೂಳು ಬಂದು ಮುಖ ಮುಚ್ಚಿತು. ಧೂಳಿಳಿದ ಮೇಲೆ ನೋಡಿದರೆ ಕಂಪ್ರೆಸರ್ ಇದ್ದ ಜಾಗ ಇಲ್ಲ, ಕಲ್ಲು ಹೊರುವವರು ಕೂತು ರೊಟ್ಟಿ ತಿನ್ನುತ್ತಿದ್ದ ಜಾಗ ಇಲ್ಲ. ಗೋಡೆಯಲ್ಲಿ ಮುಕ್ಕೋನದ ಒಂದು ಗುಂಡಿ ಇತ್ತು. ನೀಲವ್ವ ಫಕೀರಪ್ಪಣ್ಣನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ದೊಡ್ಡ ದನಿಯಲ್ಲಿ ಅಳುತ್ತಿದ್ದಳು. ಸಾಹುಕಾರರು ಜೀಪಿನ ಬಾಗಿಲು ಹಿಡಿದು ನಿಂತು, ಒಂದು, ಎರಡು ಎಂದು ಮಂದಿಯನ್ನು ಎಣಿಸುತ್ತಿದ್ದರು. ಹನ್ನೆರಡು ಬಂದರೂ ಮತ್ತೆ ಮೊದಲಿನಿಂದ ಎಣಿಸಿದರು.

ಸೀಟಿಯನ್ನು ಅಂದೇ ತಿರುಗಿ ಕೊಟ್ಟರು. ನಾನು ಮಡಿಕೆಯ ಅಧ್ಯಾಯವನ್ನು ಹರಿದು ಹಾಕಿ, ಅರವತ್ತೆರಡು ಅಳತೆಗಳನ್ನು ಸರಿಮಾಡಿ ಇನ್ನೊಂದು ಬರೆದೆ. ಪ್ರಬಂಧ ಒಪ್ಪಿದರು, ಪದವಿ ಬಂತು, ಗದಗಿನಲ್ಲೇ ಕಾಲೇಜಿನ ಕೆಲಸ ಸಿಕ್ಕಿತು. ಮೊದಲ ವರ್ಷದ ಮಕ್ಕಳಿಗೆ ದಿಕ್ಸೂಚಿ ಕೊಡುವ ದಿನ, ಪೂರ್ವ ಪಶ್ಚಿಮ ಯಾಕೆ ಅದಲುಬದಲು ಎಂದು ಒಂದು ಗಂಟೆ ಪೂರ್ತಿ ಹೇಳುತ್ತೇನೆ. ಅವರಿಗೆ ಬೇಸರವಾಗುತ್ತದೆ, ಆಗಲಿ. ಆದರೆ ಆ ಖಣಿಯ ಕಡೆ ಏಳು ವರ್ಷ ತಲೆ ಹಾಕಲಿಲ್ಲ. ತಲೆ ಆಡಿಸಿ ಹೌದು ಅಂದವಳು ಯಾವ ಮುಖ ಹೊತ್ತು ಹೋಗಬೇಕು?

ಮುಂಡರಗಿಯ ಆ ಹಣ್ಣಿನವ ನನ್ನನ್ನು ಅಲ್ಲಿಗೆ ಕಳಿಸಿದ. ಚೂರಿ ಹಾಕಿದ ಹಣ್ಣನ್ನೇ ಹೊತ್ತು, ಗದಗಿನ ಬಸ್ಸು ಬಿಟ್ಟು ಶಿರಹಟ್ಟಿಯ ಬಸ್ಸು ಹತ್ತಿದೆ.

ಫಕೀರಪ್ಪಣ್ಣ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಖಣಿ ಕೆಲಸ ಬಿಟ್ಟು ಎರಡು ವರ್ಷವಾಯಿತಂತೆ. ಸೀಟಿ ಒಳಗೆ ಮೊಳೆಗೆ ತೂಗುಹಾಕಿತ್ತು. "ಬರ್ರಿ ಅಕ್ಕಾರ, ಕುಂಡ್ರಿ. ಹಾದಿ ತಪ್ಪಿದ್ರೇನು?" ಎಂದು ನಕ್ಕ. ನೀಲವ್ವ ಹಣ್ಣು ಹೋಳು ಮಾಡಲು ಒಳಗೆ ಒಯ್ದಳು. ಅವಳು ಹೊರಗೆ ಬರುವ ಮುಂಚೆ ಹೇಳಿಬಿಡಬೇಕು ಎಂದು ನಾನು ಒಂದೇ ಉಸಿರಿಗೆ ಹೇಳಿದೆ. "ಅವತ್ತು ತಪ್ಪು ನಿನ್ನದಲ್ಲ ಫಕೀರಪ್ಪಣ್ಣ. ನನ್ನದು. ಸಾಹುಕಾರರ ಮುಂದೆ ಹೇಳಬೇಕಿತ್ತು, ಹೇಳಲಿಲ್ಲ. ಹೆದರಿದೆ."

ಅವನು ಹೆಗಲಿನ ವಲ್ಲಿಯಿಂದ ಕಟ್ಟೆಯ ಧೂಳು ಜಾಡಿಸಿದ.

"ಹೇಳದಿದ್ದದ್ದ ಚಲೋ ಆತು ಬಿಡ್ರಿ. ನಿಮ್ಮ ತಪ್ಪು ಅಂದಿದ್ರ ಸಾಹುಕಾರ ನಿಮ್ಮ ಲೆಕ್ಕಾನ ನಂಬತಿದ್ದಿಲ್ಲ. ಅವತ್ತ ಹೊಳ್ಳಿ ಮಂದೀನ ಇಳಸ್ತಿದ್ದ. ನಮ್ಮಾಕಿನೂ ಇಳೀತಿದ್ಲು. ನಾನು ಕೆಟ್ಟಾಂವ ಆದ್ರ ನಿಮ್ಮ ಲೆಕ್ಕ ಉಳೀತೈತಿ ಅಂತ ಅಂದ್ನಿ."

ಏಳು ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿದ ಹಾಗಾಯಿತು. ಆ ಒಂದು ಗಳಿಗೆಯಲ್ಲಿ ಅವನು ಇಷ್ಟೆಲ್ಲ ಯೋಚಿಸಿದ್ದ. ನಾನು ಕಣ್ಣೊರೆಸಿಕೊಂಡು, "ಹಾಗಾದರೆ ನಿನಗೆ ನನ್ನ ಮೇಲೆ ಸಿಟ್ಟಿಲ್ಲವಾ?" ಅಂದೆ.

"ಸಿಟ್ಟ ಎಲ್ಲಿಂದ ಬರಬೇಕ್ರಿ" ಅಂದ ಫಕೀರಪ್ಪಣ್ಣ. ನೀಲವ್ವ ತಂದಿಟ್ಟ ತಟ್ಟೆಯಿಂದ ಒಂದು ಹೋಳು ಎತ್ತಿ ನನ್ನ ಕೈಗೆ ಕೊಟ್ಟ. "ಖರೆ ಹೇಳಬೇಕಂದ್ರ, ತಪ್ಪು ನಂದು ಅನ್ನೂದಕ್ಕ ಮೊದಲ ಒಂದ್ ಗಳಿಗಿ ನಿಮ್ಮ ಮಾರಿ ನೋಡಿದ್ನಿ. ಬಾಯಿ ತೆಗೀತೀರೇನು ಅಂತ."